090122: ಆರು ಅಂಕೆ, ಯಾವ ಶಾಸನ?

ಶಾಸನದ ಫೋಟೋ ಫೈಲಿಗೆ 090122 ಅಂತ ಸ್ಥಿರ ಅಗಲದ ಹೆಸರಿಡುವ ಪದ್ಧತಿ ನೋಡೋಕೆ ಅಚ್ಚುಕಟ್ಟು. ಮೊದಲೆರಡು ಅಂಕೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ, ಮುಂದಿನ ಮೂರು ಶಾಸನಸಂಖ್ಯೆ, ಕೊನೆಯದು ಕಲ್ಲಿನ ಬದಿ. ಪಿಎಚ್‌ಪಿಯ ಸಬ್‌ಸ್ಟ್ರಿಂಗ್ ಫಂಕ್ಷನ್ನಿಗೆ 0ರಿಂದ 2, 2ರಿಂದ 3, 5ರಿಂದ 1 ಅಂದರೆ (ಅಲ್ಲಿ ಎಣಿಕೆ ಸೊನ್ನೆಯಿಂದ ಶುರು) 09, 012, 2 ಬಂತು.

ಬಂತು, ಸರಿ. ಆದರೆ ಯಾವ 09? ರೈಸ್ ಅವರ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು. ಮೈಸೂರಿನ ಪರಿಷ್ಕೃತ ಆವೃತ್ತಿಯ 9 ಬೇಲೂರು ತಾಲ್ಲೂಕಿನದು. ರೈಸ್ ಸಂಖ್ಯೆ ಕೊಟ್ಟಿದ್ದು ತಾಲ್ಲೂಕುವಾರು. ಹಾಗಾಗಿ ನೆಲಮಂಗಲದ 12 ಕೂಡ ಇದೇ, ಮಾಗಡಿಯ 12 ಕೂಡ ಇದೇ. ಯಾರಾದರೂ ಸೊನ್ನೆ ಮರೆತು 09122 ಅಂತಿಟ್ಟರೆ ಪಿಎಚ್‌ಪಿ ತಕರಾರಿಲ್ಲದೆ 122ನೇ ಶಾಸನ ಅನ್ನುತ್ತೆ.

ತಾಲ್ಲೂಕನ್ನು ಕನ್ನಡದಲ್ಲೇ ಸೇರಿಸೋಣವೇ? ಮಾಗಡಿ, ಬೇಲೂರು ಎರಡೂ ನಮಗೆ ಮೂರಕ್ಷರ. ಯುಟಿಎಫ್-8ರಲ್ಲಿ 15 ಮತ್ತು 18 ಬೈಟು. ಸಬ್‌ಸ್ಟ್ರಿಂಗ್ ಎಣಿಸೋದು ಬೈಟನ್ನು. ಮಾಗಡಿಯಿಂದ ಮೂರು ಕೇಳಿದರೆ ಸಿಗೋದು ಬರೀ 'ಮ', ದೀರ್ಘವೂ ಇಲ್ಲ!

ಆವೃತ್ತಿ, ಸಂಪುಟ, ತಾಲ್ಲೂಕು, ಸಂಖ್ಯೆ, ಬದಿ ಇವುಗಳ ನಡುವೆ ಅಡ್ಡಗೆರೆ ಹಾಕಿ, ಎಕ್ಸ್‌ಪ್ಲೋಡ್‌ನಿಂದ ಒಡೆದು, ಐದು ತುಂಡು ಬಂತಾ ಅಂತ ನೋಡೋದೇ ವಾಸಿ. ಈಗಾಗಲೇ ಆರಂಕಿ ಹೆಸರು ಹೊತ್ತ ಫೋಟೋಗಳಿಗೆ ಮಾತ್ರ ಯಾವ ಕೋಡೂ ತಾಲ್ಲೂಕನ್ನು ಹುಟ್ಟಿಸಿಕೊಡಲ್ಲ. ಒಂದೊಂದನ್ನೇ ತೆರೆದು, ಪಾಠ ಓದಿ, ಸಂಪುಟದ ಜತೆ ತಾಳೆ ನೋಡಬೇಕು.