ಸಮವಸ್ತ್ರಕ್ಕೂ ಮುಂಚೆ ರಷ್ಯನ್ ಬೇಕೇ?

ಸೇನೆ ಸೇರುವ ಮೊದಲೇ ಪರದೇಶದಲ್ಲಿ ಕೆಲಕಾಲ ಇದ್ದು ರಷ್ಯನ್ ಕಲಿಯುವ ಪದ್ಧತಿಗೆ ಅಮೆರಿಕದಲ್ಲಿ ಸರ್ಕಾರದ ಆಸರೆಯಿದೆ. ‘ಪ್ರಾಜೆಕ್ಟ್ ಗೋ’ ಯೋಜನೆಯಡಿ, ಮುಂದೆ ಸೇನಾಧಿಕಾರಿಗಳಾಗುವ ಕಾಲೇಜು ಹುಡುಗರ ಕಲಿಕೆಗೆ ರಕ್ಷಣಾ ಇಲಾಖೆಯೇ ಹಣ ಕೊಡುತ್ತದೆ. ಬಾದಾಮಿಯಲ್ಲೋ ಹುನಗುಂದದಲ್ಲೋ ಮಿಲ್ಟ್ರಿ ಸೇರುವ ಕನಸು ಕಾಣುವ ಹುಡುಗನ ಖರ್ಚು ಮಾತ್ರ ಅಪ್ಪನ ಹೆಗಲಿಗೇ ಬೀಳುತ್ತದೆ.

ಖರ್ಚಿಗಿಂತ ದೊಡ್ಡ ತೊಡಕು ವಯಸ್ಸಿನದು. ಬಾಗಲಕೋಟೆಯ ಸುತ್ತಲಿನ ಮಕ್ಕಳಿಗೆ ಹತ್ತಿರದ ದಾರಿ 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ, ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ). ಎನ್‌ಡಿಎ ಸೇರಲು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗಿನ ವಯಸ್ಸಿರಬೇಕು. ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿ ಸಂದರ್ಶನಕ್ಕೆ 900. ರಷ್ಯನ್‌ಗೆ ಒಂದೂ ಇಲ್ಲ! ಆಯ್ಕೆಯಾದ ಮೇಲೆ ಖಡಕ್ವಾಸ್ಲಾದ ಅಕಾಡೆಮಿಯಲ್ಲೇ ಆ ಭಾಷೆ ಕಲಿಸುತ್ತಾರೆ.

ಹಾಗೆಂದು ರಷ್ಯನ್ ಆಡುವ ಜನರ ನಡುವಿದ್ದು ಕಲಿಯುವುದು ದಂಡವೇನಲ್ಲ. ಶಾಲೆಯಲ್ಲಿ ವಿಭಕ್ತಿ ಉರು ಹೊಡೆದ ಕನ್ನಡದ ಹುಡುಗನನ್ನು ರಷ್ಯನ್ನಿನ ಆರು ವಿಭಕ್ತಿಗಳು ಅಷ್ಟೇನೂ ಹೆದರಿಸಲಾರವು. ಕಾಡುವುದು ಕ್ರಿಯಾಪದ. ನಡೆದು ಹೋಗುವುದಕ್ಕೆ ಒಂದು, ವಾಹನದಲ್ಲಿ ಹೋಗುವುದಕ್ಕೆ ಇನ್ನೊಂದು. ಒಮ್ಮೆ ಹೋಗುವುದೇ ಬೇರೆ, ದಿನವೂ ಹೋಗಿಬರುವುದೇ ಬೇರೆ. ಇದು ಪುಸ್ತಕಕ್ಕಿಂತ ಬೀದಿಯಲ್ಲಿ ಬೇಗ ಹತ್ತುತ್ತದೆ.

ಆದರೆ ಬೀದಿಯ ರಷ್ಯನ್ ಬಂದವನಿಗೆ ಸುಖೋಯ್-30ರ ಕೈಪಿಡಿಯೂ ಅರ್ಥವಾದೀತು ಎನ್ನಲಾಗದು. ನಮ್ಮವರು ಆ ಭಾಷೆಯನ್ನು ಚೆನ್ನಾಗಿ ದುಡಿಸಿಕೊಂಡದ್ದು ಕೆಲಸ ಗೊತ್ತಾದ ಮೇಲೆಯೇ. ವಾಯುಪಡೆಯ ಪೈಲಟ್ ಆಗಿದ್ದ ರಾಕೇಶ್ ಶರ್ಮಾ ಸೋವಿಯತ್ ಗಗನಯಾತ್ರಿಗಳ ತರಬೇತಿ ನೆಲೆಯಾದ ಸ್ಟಾರ್ ಸಿಟಿಯಲ್ಲಿ ರಷ್ಯನ್ ಕಲಿತು, 1984ರ ಏಪ್ರಿಲ್‌ನಲ್ಲಿ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಗಗನಯಾನದ ನಾಲ್ವರು ಪೈಲಟ್‌ಗಳೂ 2020–21ರಲ್ಲಿ ರಷ್ಯಾದಲ್ಲಿ ತರಬೇತಿ ಪಡೆದರು. ಇಂದು ಕಾರವಾರವನ್ನು ನೆಲೆಯಾಗಿಸಿಕೊಂಡ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2013ರಲ್ಲಿ ಸೆವೆರೊದ್ವಿನ್‌ಸ್ಕ್‌ನಲ್ಲಿ ನೌಕಾಪಡೆ ಸೇರುವ ಮೊದಲು ಅದರ ಸಿಬ್ಬಂದಿ ರಷ್ಯಾದಲ್ಲೇ ಪಳಗಿದ್ದರು. ಇವರ ಹೊರದೇಶದ ವಾಸಕ್ಕೆ ಸರ್ಕಾರದ ಖಜಾನೆಯಿತ್ತು, ಮುಂದೆ ಮಾಡಬೇಕಾದ ಕೆಲಸವೂ ಕಣ್ಣೆದುರಿಗಿತ್ತು. ಖಾಸಗಿಯಾಗಿ ಹೊರಡುವ ಹುಡುಗನಿಗೆ ಎರಡೂ ಇಲ್ಲ.

ಏಜೆಂಟರ ಮಾತು ನಂಬಿ ಹೊರಡುವುದಂತೂ ಬೇರೆಯೇ ಕಥೆ. ಕಲಬುರಗಿಯ ಯುವಕರು ಭದ್ರತಾ ಕೆಲಸವೆಂದು ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದಲ್ಲಿ ಸಿಲುಕಿದ್ದು 2024ರಲ್ಲಿ ಬಯಲಾಯಿತು. ಹೀಗೆ ಹೋದ ಭಾರತೀಯರಲ್ಲಿ ಹಲವರು ಓದಲು ಬಾರದ ರಷ್ಯನ್ ಕರಾರಿಗೆ ಸಹಿ ಹಾಕಿದ್ದರು.

ಪದವಿ ಮುಗಿಸಿ ಸೇನಾಧಿಕಾರಿ ಆಯ್ಕೆಯ ಸಿಡಿಎಸ್ ಪರೀಕ್ಷೆ ಬರೆಯುವವರಿಗೆ ವಯಸ್ಸಿನ ಬಿಗಿ ಸ್ವಲ್ಪ ಸಡಿಲ. ಅಂಥವರು ಮೊದಲು ಮುಂಬೈಯ ಇಲ್ಲವೇ ಚೆನ್ನೈಯ ರಷ್ಯನ್ ಹೌಸ್‌ನಲ್ಲಿ ಅಕ್ಷರ, ವ್ಯಾಕರಣ ಗಟ್ಟಿ ಮಾಡಿಕೊಂಡು, ಆಮೇಲೆ ಬೇಸಿಗೆಯ ಒಂದು ಕೋರ್ಸಿಗೆ ಹೋಗಿಬರಲು ಅಡ್ಡಿಯಿಲ್ಲ. ಎನ್‌ಡಿಎ ಕಣ್ಣಿಟ್ಟ ಇಳಕಲ್ಲಿನ ಹುಡುಗ ಸದ್ಯಕ್ಕೆ ಗಣಿತದ 300 ಅಂಕಗಳ ಬೆನ್ನು ಹತ್ತುವುದೇ ಲೇಸು.