ಪೆಟಾಯಾವೆಸಿಯ ಮರದ ಚರ್ಚು

ಮಧ್ಯ ಫಿನ್ಲೆಂಡಿನ ಪೆಟಾಯಾವೆಸಿಯ ಹಳೆಯ ಲುಥೆರನ್ ಚರ್ಚನ್ನು ‘ಮುಗ್ಧ ಜನಪದ ಕಲೆ’ ಎಂದು ಹೊಗಳುವವರು ಬಹಳ. ಈ ಹೊಗಳಿಕೆಯನ್ನು ನಾನು ಒಪ್ಪಲಾರೆ. 1763ರಿಂದ 1765ರೊಳಗೆ ಯಾಕ್ಕೊ ಕ್ಲೆಮೆಟಿನ್‌ಪೊಯಿಕಾ ಲೆಪ್ಪಾನೆನ್ ಎಂಬ ಬಡಗಿಯ ಮುಂದಾಳ್ತನದಲ್ಲಿ ಎದ್ದ ಈ ಕಟ್ಟಡದಲ್ಲಿ ಎದ್ದು ಕಾಣುವುದು ಪಳಗಿದ ಕೈಯ ಲೆಕ್ಕಾಚಾರ.

ದಿಮ್ಮಿಯ ಗೋಡೆ ದಿಮ್ಮಿಗಿಂತ ಉದ್ದ ಹೋಗಬೇಕಾದರೆ ದಿಮ್ಮಿಗಳನ್ನು ಜೋಡಿಸಬೇಕು. ಜೋಡಣೆ ಬಿದ್ದಲ್ಲಿ ಗೋಡೆ ಸೊರಗುತ್ತದೆ. ಇಲ್ಲಿಯಂತೆ ಶಿಲುಬೆಯ ಆಕಾರದಲ್ಲಿ ಕಟ್ಟಿದರೆ ಪ್ರತಿ ಗೋಡೆಯೂ ಗಿಡ್ಡದಾಗುತ್ತದೆ, ಒಂದಕ್ಕೊಂದು ಕಚ್ಚಿಕೊಂಡ ಮೂಲೆಗಳೇ ಇಡೀ ಕಟ್ಟಡವನ್ನು ಬಿಗಿಹಿಡಿಯುತ್ತವೆ. ನಾಲ್ಕೂ ತೋಳುಗಳ ಕಮಾನು ಚಾವಣಿ ನಡುವೆ ಕೂಡುವಲ್ಲಿ ಎಂಟು ಮೂಲೆಯ ಗುಮ್ಮಟ ಎದ್ದಿದೆ. ರೂಪವೇನೋ ಯುರೋಪಿನ ಕಲ್ಲಿನ ಚರ್ಚುಗಳದ್ದು, ಆದರೆ ಕಲ್ಲಿನ ಕಮಾನಿನಂತೆ ಭಾರ ಹೊರುವ ಕೆಲಸ ಈ ಹಲಗೆಗಳಿಗಿಲ್ಲ. ಹಾಗಾದರೆ ಇದು ಬರೀ ಅನುಕರಣೆಯೇ? ನನಗೆ ಹಾಗನ್ನಿಸುವುದಿಲ್ಲ. ಕಲ್ಲೆಂದು ನಂಬಿಸಲು ಇಲ್ಲಿ ಯಾರೂ ಹೊರಟಿಲ್ಲ. ಬಣ್ಣ ಕಾಣದ ಗೋಡೆಗಳಲ್ಲಿ ಮರ ಮರವಾಗಿಯೇ ಇದೆ, ಕಾಲ ಕಳೆದಂತೆ ಕಂದಿದೆ.

ಶಿಲುಬೆಯ ಆಕಾರದ ದೋಷವೂ ಇದೆ: ಪಕ್ಕದ ತೋಳುಗಳಲ್ಲಿ ಕೂತವರಿಗೆ ಬಲಿಪೀಠ ಸರಿಯಾಗಿ ಕಾಣದು. ಆದರೆ ಲುಥೆರನ್ ಆರಾಧನೆಯಲ್ಲಿ ಪ್ರಸಂಗಕ್ಕೇ ಮಹತ್ವ. ಪ್ರಸಂಗ ಪೀಠವನ್ನು ತೋಳುಗಳು ಕೂಡುವ ಮೂಲೆಗೆ ತಂದಿದ್ದರಿಂದ ಮಾತು ನಾಲ್ಕೂ ಕಡೆ ಮುಟ್ಟುತ್ತದೆ. ಆ ಪೀಠವನ್ನು ಹೊತ್ತು ನಿಂತವನು ಮರದಲ್ಲಿ ಕೆತ್ತಿದ ಸಂತ ಕ್ರಿಸ್ಟೋಫರ್! ಸಂತರ ಪೂಜೆಯನ್ನು ಬಿಟ್ಟ ಸಭೆ ಹಳೆಯ ಸಂತನನ್ನು ಹೊರಹಾಕದೆ ದೇವರ ವಾಕ್ಯಕ್ಕೇ ಹೆಗಲು ಕೊಡಿಸಿತು. ಇಡೀ ಚರ್ಚಿನಲ್ಲಿ ನನಗೆ ಅತಿ ಪ್ರಿಯವಾದುದು ಇದೇ.

1821ರಲ್ಲಿ ಯಾಕ್ಕೊನ ಮೊಮ್ಮಗ ಎರ್ಕ್ಕಿ ಲೆಪ್ಪಾನೆನ್ ಗಂಟೆಗೋಪುರ ಕಟ್ಟಿದ. ಅಜ್ಜನ ಕಡಿದಾದ ಮಾಡಿನ ಎದುರು ಅದು ಮೆರೆಯಲು ಹೋಗುವುದಿಲ್ಲ.

1879ರಲ್ಲಿ ಊರಿಗೆ ಹೊಸ ಚರ್ಚು ಬಂದು ಹಳೆಯದು ಮೂಲೆಗೆ ಬಿತ್ತು. ಬಳಕೆಯಲ್ಲೇ ಉಳಿದಿದ್ದರೆ ಕಾಲಕಾಲದ ರುಚಿಗೆ ತಕ್ಕಂತೆ ಬಣ್ಣ ಬಳಿದು, ಒಲೆ ಇಟ್ಟು ಕೆಡಿಸುತ್ತಿದ್ದರೇನೋ. 1920ರ ದಶಕದಲ್ಲಿ ಆಸ್ಟ್ರಿಯಾದ ಕಲಾ ಇತಿಹಾಸಕಾರ ಯೋಸೆಫ್ ಸ್ಟ್ರಿಗೊವ್‌ಸ್ಕಿ ಇದರ ಬೆಲೆ ಗುರುತಿಸಿದ ಮೇಲೆ ದುರಸ್ತಿ ಶುರುವಾಯಿತು. 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಒಳಗೆ ಬೆಚ್ಚಗಿಡುವ ಏರ್ಪಾಡು ಈಗಲೂ ಇಲ್ಲ, ಆರಾಧನೆ ಬೇಸಿಗೆಯಲ್ಲೇ. ಅದನ್ನು ಹಾಗೆಯೇ ಬಿಟ್ಟಿರುವುದು ಸರಿ.