ಮಣಿ ಪೋಣಿಸಿದ ಕೈಗೆ ಹೆಸರಿಲ್ಲವೆ?

ಚುಂಚನಕಟ್ಟೆ ಜಾತ್ರೆಯಲ್ಲೋ ಬೆಟ್ಟದಪುರದ ತೇರಿನಲ್ಲೋ ಚಾಪೆ ಹಾಸಿ ಮಣಿಸರ ಮಾರುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ನೂರು ರೂಪಾಯಿ ಅಂದರೆ ನಲವತ್ತಕ್ಕೆ ಕೇಳುತ್ತೇವೆ. 'ಇದ್ರಲ್ಲೇನವ್ವ ಐತೆ, ದಾರ, ಮಣಿ' ಅನ್ನುತ್ತೇವೆ. ಅದೇ ಸರಕ್ಕೆ ಪಟ್ಟಣದ ಗಾಜಿನ ಅಂಗಡಿಯಲ್ಲಿ ಇಂಥವರ 'ಡಿಸೈನ್' ಎಂದು ಚೀಟಿ ಅಂಟಿಸಿದ್ದರೆ ಬಾಯಿ ಮುಚ್ಚಿಕೊಂಡು ಕೇಳಿದಷ್ಟು ಕೊಡುತ್ತೇವೆ. ದಾರ ಅದೇ, ಮಣಿ ಅದೇ. ಬದಲಾದದ್ದು ಮಾರುವವರ ಜಾತಿ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳನ್ನೇ ನೋಡಿ. 1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿತು. ಹಕ್ಕಿ ಹಿಡಿಯುತ್ತಿದ್ದ ಕೈ ಮಣಿ, ಹೂವು, ಎಣ್ಣೆ ಹಿಡಿಯಿತು. ಕಾಡು ಕಿತ್ತುಕೊಂಡ ಮೇಲೆ ಉಳಿದದ್ದು ಕೈಕಸುಬು. ಅದೂ ಅವರದಲ್ಲವೆ?

ಕಾನೂನು ಏನನ್ನುತ್ತದೆ? ಒಬ್ಬಾಕೆ ತಾನೇ ಯೋಚಿಸಿ ಹೊಸ ನಮೂನೆಯ ಒಡವೆ ಕಟ್ಟಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ಕಲಾಕೌಶಲದ ಕೃತಿ. ನೋಂದಣಿ ಇಲ್ಲದೆಯೂ ಹಕ್ಕು ಆಕೆಯದು. ಆದರೆ 15ನೇ ಕಲಂ ಓದಿ. ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸದ ನಮೂನೆಯನ್ನು ಆಕೆಯ ಒಪ್ಪಿಗೆ ಪಡೆದು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತೆಗೆದರೆ ಆ ಹಕ್ಕು ಸತ್ತುಹೋಯಿತು. ಸಾಹುಕಾರನಿಗೆ ಒಂದು ಹೆಬ್ಬೆಟ್ಟು ಸಾಕು. ಇನ್ನು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ನಮೂನೆ? ಕರ್ತೃ ಯಾರು ಅನ್ನುತ್ತದೆ ಕಾನೂನು. ಇಡೀ ಹಟ್ಟಿಯೇ ಕರ್ತೃ ಎಂದರೆ ಅದಕ್ಕೆ ತಿಳಿಯೋದಿಲ್ಲ. 2000ದ ವಿನ್ಯಾಸ ಕಾಯ್ದೆಗೆ 'ಹೊಸತು' ಬೇಕು. ಹಳೆಯದು 'ಪರಂಪರೆ'. ಅಂದರೆ ಯಾರು ಬೇಕಾದರೂ ದನ ಬಿಡಬಹುದಾದ ಗೋಮಾಳ.

ಚಪ್ಪಲಿಯ ಕತೆಯೂ ಇದೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಚಪ್ಪಲಿ ಮೆರೆಸಿತು, ನಮ್ಮವರ ಹೆಸರೆತ್ತದೆ. ಗದ್ದಲವಾದ ಮೇಲೆ ಭಾರತದ ಕೈಕಸುಬೇ ಸ್ಫೂರ್ತಿ ಎಂದು ಒಪ್ಪಿತು. ಬಾಂಬೆ ಹೈಕೋರ್ಟಿಗೆ ಹೋದ ವಕೀಲರಿಗೆ ಸಿಕ್ಕಿದ್ದು, ನೀವು ನೋಂದಾಯಿತ ಒಡೆಯರಲ್ಲ ಎಂಬ ಉತ್ತರ. ಒಡೆಯರಾದರೂ ಯಾರು? ಎರಡು ರಾಜ್ಯಗಳ ಎರಡು ಚರ್ಮ ನಿಗಮಗಳು. ಚರ್ಮ ಹದ ಮಾಡಿ ಹೊಲಿದವನಲ್ಲ. ಮೇಲಾಗಿ ಆ ಗುರುತು ಕಾಯುವುದು ಹೆಸರನ್ನು, ನಮೂನೆಯನ್ನಲ್ಲ.

ಹಾಗಾದರೆ ನೋಡಿ ಕಲಿಯೋದು ತಪ್ಪೆ ಎಂದು ಗೆಳೆಯರು ಕೇಳಬಹುದು. ಅಲ್ಲ. ಅಕ್ಕನನ್ನು ನೋಡಿ ತಂಗಿ ಪೋಣಿಸೋದು ಕಲಿಕೆ. ಬಂಡವಾಳವಿದ್ದವನು ಅವರಿಬ್ಬರ ಹೆಸರು ಅಳಿಸಿ ಯಂತ್ರಕ್ಕೆ ಹಾಕೋದು ಕಳವು.

ಕಾನೂನು ತಿದ್ದುವ ಹೋರಾಟ ದೊಡ್ಡದು, ಆಗಲೇಬೇಕು. ಅಲ್ಲಿಯವರೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಹಟ್ಟಿಗೆ, ಹಾಡಿಗೆ ಹೋಗಿ. ಯಾವ ನಮೂನೆ, ಯಾರ ಕೈಯದು, ಯಾವ ದಿನ ಅಂತ ಅವರನ್ನೇ ಕೇಳಿ ಬರೆದಿಡಿ, ಫೋಟೊ ತೆಗೆಸಿ. ಆ ಪುಸ್ತಕ ಅವರ ಹತ್ತಿರವೇ ಇರಲಿ. ಓದಿ ಹೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಗೊಡಬೇಡಿ. ಜಾತ್ರೆಯಲ್ಲಿ ಚೌಕಾಸಿ ಮಾಡುವ ಮುಂಚೆ ಆಕೆಯ ಹೆಸರು ಕೇಳಿ.

ಅಕ್ಷರ ನಮ್ಮ ಕೈಗೆ ಬಂದದ್ದು ಇಂಥ ಲೆಕ್ಕ ಬರೆಯಲಿಕ್ಕೇ.